ಉಡಿಕೆ

ಕಡೂರು ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಯ ಅಟ್ಟದ ಮೇಲೆ
ಪುಟಕ್ಕೆ ತೊಂಬತ್ತು ರೂಪಾಯಿಯಂತೆ
ಕನ್ನಡವನ್ನು ಇಂಗ್ಲಿಷಿಗೆ ದಾಟಿಸುತ್ತೇನೆ.
ದಿಲ್ಲಿಯ ದೊಡ್ಡ ಕೋರ್ಟಿಗೆ ನಮ್ಮ ಮಾತು ಹೀಗೇ ಹೋಗಬೇಕು:
ಭಾಷಾಂತರ ಸರಿಯಿದೆ ಎಂಬ ನನ್ನ ರುಜು,
ಅದರಡಿ ನೀಲಿ ಮೊಹರು.

ಇವತ್ತು ಎಂಬತ್ತೊಂದನೆಯ ಪುಟ.
ಯಗಟಿ ಕಡೆಯ ದೇವೀರಮ್ಮ, ವಾ.ಸಾ. ಒಂದು,
ಹತ್ತೊಂಬತ್ತು ವರ್ಷದ ಹಿಂದೆ ಕಟಕಟೆ ಹಿಡಿದು ಹೇಳಿದ್ದು:
"ಅವರು ನಂಗೆ ಸೀರೆ ಉಡಿಸಿದರು. ಉಡಿಕೆ ಆಯ್ತು. ಬಾಳಿದೆ."
ಅಷ್ಟೇ.
ಅವರು ಅಂದರೆ ಲೈನ್‌ಮನ್ ಕರಿಸಿದ್ದಪ್ಪ,
ಟ್ರಾನ್ಸ್‌ಫಾರ್ಮರ್ ಮೇಲೇ ಕರಕಲಾದವನು.
ಪಿಂಚಣಿ ಹೆಂಡತಿಗೆ. ಇವಳು ಹೆಂಡತಿಯೇ?
ದಾಯಾದಿಗಳ ತಕರಾರು ಅದೊಂದೇ.

ಆ ಪದದ ಮುಂದೆ ಒಂದು ಗಂಟೆಯಿಂದ ಕೂತಿದ್ದೇನೆ.
ನಿಘಂಟಿನಲ್ಲಿ ಇರುವುದೆಲ್ಲ ಇವಳ ಮೈಗೆ ಗಿಡ್ಡ.
ಒಂದರಲ್ಲಿ ಇವಳು ಇಟ್ಟುಕೊಂಡವಳು,
ಇನ್ನೊಂದರಲ್ಲಿ ಬಾಡಿಗೆಯವಳ ಹಾಗೆ ಬರೀ ಜೊತೆಗಿದ್ದವಳು,
ಮತ್ತೊಂದನ್ನು ಹಾಕಿದರೆ ಓಲಗ, ಪುರೋಹಿತ, ಅಕ್ಷತೆ ಎಲ್ಲ ಬಂದು
ಸುಳ್ಳಾಗುತ್ತದೆ.

ಕಡೂರಿನ ಮುನ್ಸೀಫರು ಇವಳ ಮುಖ ಕಂಡಿದ್ದರು; ಗೆದ್ದಳು.
ಚಿಕ್ಕಮಗಳೂರಲ್ಲಿ ಇವಳ ವಕೀಲನನ್ನು ಕಂಡರು; ಸೋತಳು.
ಬೆಂಗಳೂರಲ್ಲಿ ಕಡತ ಕಂಡರು, ಅದೂ ಹನ್ನೊಂದು ವರ್ಷ ಕಳೆದು.
ದಿಲ್ಲಿಯಲ್ಲಿ ಕಾಣುವುದು ನನ್ನ ಇಂಗ್ಲಿಷು.

ಅಷ್ಟರಲ್ಲಿ ಮೊಣಕಾಲು ಹಿಡಿದು ಮೆಟ್ಟಿಲು ಹತ್ತಿ ಅವಳೇ ಬಂದಳು.
"ದಸ್ತಗೀರ್ ಸಾಬ್ರೇ, ಮುಗೀತಾ?"
ಮಜ್ಜಿಗೆ ತರಿಸಿದೆ. ಕುಡಿದು, ಸೆರಗಲ್ಲಿ ಬಾಯೊರೆಸಿ,
"ಅಲ್ಲಿ ಎಷ್ಟ್ ಜನ ಕುಂತವ್ರೆ?"
ಮೂವತ್ತನಾಲ್ಕು ಕುರ್ಚಿ. ಎಲ್ಲ ಯಾವಾಗಲೂ ತುಂಬಿರುವುದಿಲ್ಲ.
"ಎಲ್ರೂ ಒಟ್ಗೆ ಕೇಳ್ತಾರಾ?"
ಇಲ್ಲಮ್ಮ, ನಮ್ಮಂಥದ್ದಕ್ಕೆ ಇಬ್ಬರು.
ಸಂವಿಧಾನದ ಅರ್ಥವೇ ಜಗಳಕ್ಕೆ ಬಿದ್ದರೆ ಐವರು, ಇನ್ನೂ ಹೆಚ್ಚು.
"ಅವ್ರನ್ನ ಆರಿಸೋರು?"
ಅವರಲ್ಲೇ ಹಿರಿಯರು ಹೆಸರು ಹೇಳುತ್ತಾರೆ. ಅರವತ್ತೈದಕ್ಕೆ ಮನೆಗೆ.
"ಹಂಗಾರೆ ಎಲ್ಲಾ ನನಗಿಂತ ಚಿಕ್ಕೋರೇ," ನಕ್ಕಳು.
"ಹೆಂಗಸ್ರು?"
ಎಣಿಸೋಕೆ ಒಂದು ಕೈಯ ಬೆರಳು ಸಾಕು.
"ಉಡಿಕೆ ಆದ ಅವ್ವನೋ ಅಜ್ಜಿನೋ ಇರೋರು?"
ನಾನು ಫ್ಯಾನಿನ ಸ್ವಿಚ್ ಹುಡುಕಿದೆ.

"ಅವರ ಮೇಲೆ ಯಾರು?"
ಯಾರೂ ಇಲ್ಲ.
"ಅಯ್ಯನಕೆರೆಗೂ ಕೋಡಿ ಐತಲ್ಲಪ್ಪ."
ಮರುಪರಿಶೀಲನೆ ಎಂದು ಬಾಯಿ ತೆರೆದವನು ಮುಚ್ಚಿದೆ:
ಬಹುಮಟ್ಟಿಗೆ ಅದೇ ಇಬ್ಬರ ಕೈಗೆ ಅದೇ ಕಾಗದ.
ಆದರೂ ಹೇಳಬೇಕು, ಹೇಳಿದೆ:
ಅವರು ಒಂದು ಸಲ ಹೌದು ಅಂದರೆ, ದೇವೀರಮ್ಮ,
ನೀನು ಕಾಣದ ಊರುಗಳಲ್ಲಿ
ನಿನ್ನಂಥ ಎಷ್ಟೋ ಮಂದಿ ಒಂದೇ ಬೆಳಗ್ಗೆ ಹೆಂಡತಿಯರಾಗುತ್ತಾರೆ.
ಇಲ್ಲ ಅಂದರೂ ಅಷ್ಟೇ ಮಂದಿ.
ಅವಳು ಲೋಟ ಕೆಳಗಿಟ್ಟಳು.

ಏಳುವಾಗ, "ಒಂದ್ ಮಾತು ಸೇರಿಸ್ರಿ. ಸೀರೆ ಬಣ್ಣ.
ಮೂರ್ ಕೋರ್ಟಲ್ಲೂ ಯಾರೂ ಕೇಳ್ಲಿಲ್ಲ.
ಹುಚ್ಚೆಳ್ಳು ಹೂವಿನ ಹಳದಿ, ಕರೀ ಅಂಚು. ಬೀರೂರು ಸಂತೇಲಿ ತಂದಿದ್ರು."
ದಾಖಲೆಯಲ್ಲಿ ಇಲ್ಲದ್ದು ಅಲ್ಲಿ ನಡೆಯುವುದಿಲ್ಲಮ್ಮ, ಅಂದೆ.
"ಉಟ್ಟಿದ್ದು ನಾನಲ್ವಾ," ಅಂದು ಇಳಿದು ಹೋದಳು,
ಒಂದೊಂದೇ ಮೆಟ್ಟಿಲು, ಪಕ್ಕಕ್ಕೆ ತಿರುಗಿ.

ಉಡಿಕೆಯನ್ನು ಉಡಿಕೆ ಎಂದೇ ಬರೆದೆ,
ಇಂಗ್ಲಿಷಿನ ಐದು ಅಕ್ಷರಗಳಲ್ಲಿ. ವಕೀಲರು ಬೈಯಲಿ.
ಅದರ ಪಕ್ಕ ಪೆನ್ಸಿಲಿನಲ್ಲಿ ಹಳದಿ ಎಂದೆ,
ಮೊಹರು ನೆನಪಾಗಿ ಅಳಿಸಿದೆ.
ಆ ಜಾಗದಲ್ಲಿ ಹಾಳೆ ಕೊಂಚ ಒರಟು.
ಜೆರಾಕ್ಸಿನಲ್ಲಿ ಅದೂ ಬರುವುದಿಲ್ಲ.
ಕೆಳಗೆ ಮೆಷಿನ್ನಿನ ಬೆಳಕು ಹೋಗಿ ಬರುತ್ತಿದೆ,
ಆರು ಪ್ರತಿ.